ದಾಕ್ಷಿಣ್ಯಕ್ಕೆ ಬರೆದ ಚೀಟಿ

ಎಂಬಿಬಿಎಸ್ ಮೊದಲ ವರ್ಷದ ಹುಡುಗಿ ದೀಪಾವಳಿ ರಜೆಗೆ ಊರಿಗೆ ಬರುತ್ತಾಳೆ. ಅಷ್ಟರಲ್ಲಿ ಅವಳು ಓದಿರುವುದು ಒಂದಿಷ್ಟು ಶರೀರರಚನೆ, ಒಂದಿಷ್ಟು ಜೀವರಸಾಯನ. ಕೈಯಿಟ್ಟು ಕಲಿತದ್ದು ಫಾರ್ಮಲಿನ್ ವಾಸನೆಯ ಹೆಣದ ಮೇಲೆ. ರೋಗಿಗೆ ಔಷಧ ಬರೆಯುವ ಕಾಲ ಇನ್ನೂ ವರ್ಷಗಳ ದೂರದಲ್ಲಿದೆ. ಆದರೆ ಎಣ್ಣೆಸ್ನಾನ ಮುಗಿಸಿ ಹೊರಬರುವಷ್ಟರಲ್ಲಿ ಪಕ್ಕದ ಮನೆಯವರು ಶುಗರ್ ರಿಪೋರ್ಟ್ ಹಿಡಿದು ಜಗಲಿಯಲ್ಲಿ ಕೂತಿರುತ್ತಾರೆ. ‘ನಮ್ಮ ಡಾಕ್ಟ್ರಮ್ಮ ಬಂದ್ರಲ್ಲ, ಇದೊಂಚೂರು ನೋಡಿ ಹೇಳವ್ವ’ ಅನ್ನುತ್ತಾರೆ. ಆ ಮಾತಿನಲ್ಲಿ ಹೆಮ್ಮೆಯಿದೆ, ಪ್ರೀತಿಯಿದೆ. ಅವತ್ತು ಶುರುವಾದದ್ದು ಅವಳು ನಿವೃತ್ತಳಾದ ಮೇಲೂ ನಿಲ್ಲುವುದಿಲ್ಲ.

ಇದು ನಮ್ಮಲ್ಲಿ ಮಾತ್ರ ಇರುವ ರೂಢಿಯೂ ಅಲ್ಲ. 1991ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಅಮೆರಿಕದ ಆಸ್ಪತ್ರೆಯೊಂದರ ವೈದ್ಯರ ಸಮೀಕ್ಷೆ ಪ್ರಕಟಿಸಿತು. ಉತ್ತರಿಸಿದ 465 ವೈದ್ಯರಲ್ಲಿ ಶೇ 99 ಮಂದಿಗೆ ಮನೆಯವರಿಂದ ಸಲಹೆಗೋ ಚಿಕಿತ್ಸೆಗೋ ಕೋರಿಕೆ ಬಂದಿತ್ತು. ಶೇ 83 ಮಂದಿ ಸ್ವಂತದವರಿಗೆ ಔಷಧ ಬರೆದಿದ್ದರು. ಶೇ 9 ಮಂದಿ ತಮ್ಮವರ ಮೈಮೇಲೆ ಶಸ್ತ್ರಚಿಕಿತ್ಸೆಯನ್ನೇ ಮಾಡಿದ್ದರು. ಅಲ್ಲಿಯೇ ಹೀಗಾದರೆ, ಬೀಗರು, ಓಣಿಯವರು, ಸಹಪಾಠಿಗಳು, ಅಪ್ಪನ ಆಫೀಸಿನವರು ಎಲ್ಲರೂ ‘ನಮ್ಮವರೇ’ ಆಗಿರುವ ನಮ್ಮ ಊರುಗಳ ಲೆಕ್ಕಕ್ಕೆ ಸಮೀಕ್ಷೆ ಬೇಕಿಲ್ಲ.

ತಮ್ಮವರಿಗೆ ಔಷಧ ಬರೆಯಬಾರದು ಎಂದು ಹೇಳಿದರೆ ನಮ್ಮ ಜನಕ್ಕೆ ಅದು ಕಟುಕರ ಮಾತಿನಂತೆ ಕೇಳಿಸುತ್ತದೆ. ‘ಪರರಿಗೆ ನೋಡೋ ಕೈ ಸ್ವಂತ ಚಿಕ್ಕಪ್ಪನಿಗೆ ನೋಡಬಾರದೇ?’ ಅನ್ನುವುದು ನ್ಯಾಯವಾದ ಪ್ರಶ್ನೆ. ಅದಕ್ಕೆ ಉತ್ತರ ಹುಡುಕಬೇಕಾದದ್ದು ಪ್ರೀತಿಯಲ್ಲಲ್ಲ, ತಪಾಸಣೆ ನಡೆಯುವ ರೀತಿಯಲ್ಲಿ. ಗುರುತಿನವರು ಎದುರಿಗೆ ಕೂತಾಗ ವೈದ್ಯರ ಕೆಲಸದಿಂದ ಕೆಲವು ಹೆಜ್ಜೆಗಳು ಸದ್ದಿಲ್ಲದೆ ಬಿಟ್ಟುಹೋಗುತ್ತವೆ. ಬಿಟ್ಟುಹೋದದ್ದು ಇಬ್ಬರ ಗಮನಕ್ಕೂ ಬರುವುದಿಲ್ಲ.

ಮದುವೆಮನೆಯೊಂದನ್ನು ನೆನೆಸಿಕೊಳ್ಳಿ. ಪಂಕ್ತಿ ಎದ್ದಾಗಿದೆ. ಕೈತೊಳೆಯುವ ಜಾಗದಲ್ಲಿ ಐವತ್ತೈದು ದಾಟಿದ ಚಿಕ್ಕಪ್ಪ ಡಾಕ್ಟರ್ ಮಗನ ಹೆಗಲ ಮೇಲೆ ಕೈಯಿಟ್ಟು ಪಕ್ಕಕ್ಕೆ ಕರೆಯುತ್ತಾರೆ. ‘ಏನಿಲ್ಲಪ್ಪ, ಸ್ವಲ್ಪ ಪೈಲ್ಸ್. ಬೆಳಗ್ಗೆ ಹೋದಾಗ ರಕ್ತ ಬೀಳುತ್ತೆ. ಒಂದು ಮುಲಾಮು ಬರೆದುಕೊಡು.’ ರೋಗಿ ರೋಗದ ಹೆಸರನ್ನೂ ತಾನೇ ಹೇಳಿದ್ದಾಗಿದೆ, ಔಷಧವನ್ನೂ ತಾನೇ ಸೂಚಿಸಿದ್ದಾಗಿದೆ. ಮಗ ಮೊಬೈಲಿನಲ್ಲಿ ಮುಲಾಮಿನ ಹೆಸರು ಟೈಪ್ ಮಾಡಿ ಕಳಿಸುತ್ತಾನೆ, ಖಾರ ಕಮ್ಮಿ ಮಾಡಿ ಅನ್ನುತ್ತಾನೆ. ಮಾತು ಮದುಮಗನ ಕೆಲಸದ ಕಡೆ ಹೊರಳುತ್ತದೆ.

ಇದೇ ಚಿಕ್ಕಪ್ಪ ಅಪರಿಚಿತರಾಗಿ ಇದೇ ವೈದ್ಯನ ಒಪಿಡಿಗೆ ಬಂದಿದ್ದರೆ ನಡೆಯುವುದೇ ಬೇರೆ. ರಕ್ತ ಎಷ್ಟು ದಿನದಿಂದ? ಕೆಂಪೋ ಕಪ್ಪೋ? ಮಲದ ಜೊತೆ ಬೆರೆತು ಬರುತ್ತದೋ, ಆಮೇಲೆ ತೊಟ್ಟಿಕ್ಕುತ್ತದೋ? ದಿನಕ್ಕೆಷ್ಟು ಸಲ ಹೋಗುತ್ತೀರಿ, ಈ ಅಭ್ಯಾಸ ಇತ್ತೀಚೆಗೆ ಬದಲಾಯಿತೇ? ಹೋಗಿ ಬಂದ ಮೇಲೂ ಇನ್ನೂ ಇದೆ ಅನ್ನಿಸುತ್ತದೆಯೇ? ತೂಕ ಇಳಿದಿದೆಯೇ? ಮನೆಯಲ್ಲಿ ಯಾರಿಗಾದರೂ ಕರುಳಿನ ಕ್ಯಾನ್ಸರ್ ಆಗಿತ್ತೇ? ಇಷ್ಟು ಕೇಳಿದ ಮೇಲೆ ಪರದೆ ಎಳೆದು, ಎಡಮಗ್ಗುಲಿಗೆ ಮಲಗಿಸಿ, ಮಂಡಿಗಳನ್ನು ಎದೆಯತ್ತ ಮಡಚಿಸಿ, ಗ್ಲೌಸ್ ಹಾಕಿದ ಬೆರಳಿಗೆ ಜೆಲ್ ಸವರಿ ಗುದದ್ವಾರದ ಒಳಗೆ ಪರೀಕ್ಷಿಸುತ್ತಾರೆ. ಒಂದೆರಡು ನಿಮಿಷದ ಕೆಲಸ. ಗುದನಾಳದ ಕೆಳಭಾಗದಲ್ಲಿ ಗಡ್ಡೆಯಿದ್ದರೆ ಅದು ಬೆರಳಿಗೇ ಸಿಗುತ್ತದೆ. ಮೂಲವ್ಯಾಧಿಯೆಂದು ತಿಂಗಳುಗಟ್ಟಲೆ ಮುಲಾಮು ಹಚ್ಚಿಸಿಕೊಂಡು ತಡವಾಗಿ ಪತ್ತೆಯಾಗುವ ಗುದನಾಳದ ಕ್ಯಾನ್ಸರ್ ನಮ್ಮ ವೃತ್ತಿಯವರಿಗೆಲ್ಲ ಗೊತ್ತಿರುವ ದುಃಖ. ಆ ತಡಕ್ಕೆ ಬೇಕಾಗಿರುವುದು ವೈದ್ಯನ ಅಜ್ಞಾನವಲ್ಲ, ಚಿಕ್ಕಪ್ಪನ ಪಂಚೆ ಬಿಚ್ಚಿಸಲಾರದ ಸಂಕೋಚ. ಆ ಸಂಕೋಚ ಯಾವ ವೈದ್ಯಕೀಯ ಪದವಿಯಿಂದಲೂ ಹೋಗುವಂಥದ್ದಲ್ಲ. ಹೋಗಬೇಕು ಎಂದು ನಾನು ಹೇಳುವುದೂ ಇಲ್ಲ. ಸಂಕೋಚವಿರುವ ಕಡೆ ಬೇರೆ ಕೈ ಬರಬೇಕು, ಅಷ್ಟೇ.

ಮುಟ್ಟಿ ನೋಡುವುದು ಹಾಗಿರಲಿ, ಕೇಳುವುದೇ ಕಷ್ಟವಾಗುವ ಸಂದರ್ಭಗಳಿವೆ. ಅಣ್ಣನ ಮಗಳಿಗೆ ಹದಿನೇಳು ವರ್ಷ, ಎರಡು ವಾರದಿಂದ ವಾಂತಿ, ತಲೆಸುತ್ತು. ಅತ್ತಿಗೆ ಪಕ್ಕದಲ್ಲೇ ನಿಂತಿದ್ದಾರೆ. ‘ಹೊರಗಿನ ತಿಂಡಿ ಜಾಸ್ತಿ ಆಗಿದೆ’ ಅನ್ನುತ್ತಾರೆ. ಬೇರೆ ಯಾವ ಹುಡುಗಿ ಬಂದಿದ್ದರೂ ತಾಯಿಯನ್ನು ಹೊರಗೆ ಕೂರಿಸಿ, ಕೊನೆಯ ಮುಟ್ಟು ಯಾವಾಗ ಎಂದು ವೈದ್ಯೆ ಕೇಳುತ್ತಿದ್ದಳು. ಎಕ್ಸ್‌ರೇ ಬರೆಯುವ ಮೊದಲು, ಕೆಲವು ಔಷಧ ಕೊಡುವ ಮೊದಲು ಕೇಳಲೇಬೇಕಾದ ಪ್ರಶ್ನೆ ಅದು. ಮನೆಮಗಳ ಹತ್ತಿರ ಆ ಮಾತು ಗಂಟಲಿನಿಂದ ಹೊರಡುವುದಿಲ್ಲ. ಕೇಳಿದರೂ ಆ ಹುಡುಗಿ ನಿಜ ಹೇಳುವಳೇ? ಹೇಳಿದ್ದು ರಾತ್ರಿ ಊಟದ ಹೊತ್ತಿಗೆ ಅಪ್ಪನ ಕಿವಿಗೆ ಬೀಳುತ್ತದೆ ಎಂಬ ಭಯ ಅವಳಿಗೆ. ನಿಜ ಹೇಳಿದರೆ ವೈದ್ಯೆಯ ಇಕ್ಕಟ್ಟು ಇನ್ನೂ ದೊಡ್ಡದು. ಹದಿನೆಂಟು ತುಂಬದ ಹುಡುಗಿ ಗರ್ಭಿಣಿಯೆಂದು ತಿಳಿದರೆ 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಪೊಲೀಸರಿಗೆ ತಿಳಿಸುವುದು ಕಡ್ಡಾಯ, ತಿಳಿಸದಿರುವುದು ಅಪರಾಧ. ಸೋದರತ್ತೆಯಾಗಿ ಮನೆಯ ಮಾನ ಕಾಯಬೇಕೆನಿಸುತ್ತದೆ, ವೈದ್ಯೆಯಾಗಿ ಕಾನೂನು ಪಾಲಿಸಬೇಕು. ಅವೆರಡೂ ಒಬ್ಬಳ ತಲೆಯ ಮೇಲೆ ಬಿದ್ದಾಗ ಪೆಟ್ಟಾಗುವುದು ಹುಡುಗಿಗೆ. ಅವಳಿಗೆ ಬೇಕಾದದ್ದು ಅವಳ ಮನೆಯ ಊಟದ ಮೇಜಿಗೆ ಬಾರದ ಒಬ್ಬ ವೈದ್ಯೆ.

ಕುಡಿತ, ಗಂಡನ ಏಟು, ಸಾಯಬೇಕೆನ್ನುವ ಯೋಚನೆ, ಹಾಸಿಗೆಯ ತೊಂದರೆ, ಸಾಲ ಇವೂ ಹೀಗೆಯೇ. ‘ಭಾವ ಎಷ್ಟು ಕುಡಿಯುತ್ತಾರೆ ಅಂತ ನನಗೆ ಗೊತ್ತಿಲ್ಲವೇ’ ಎಂದುಕೊಂಡ ವೈದ್ಯ ಕೇಳುವುದನ್ನೇ ಬಿಡುತ್ತಾನೆ. ಅವನಿಗೆ ಗೊತ್ತಿರುವುದು ಹಬ್ಬದ ದಿನದ ಕುಡಿತ ಮಾತ್ರ. ಪರಿಚಯವೆನ್ನುವುದು ವೈದ್ಯನಿಗೆ ಎಲ್ಲ ತಿಳಿದಿದೆ ಎಂಬ ಭ್ರಮೆ ಕೊಡುತ್ತದೆ, ರೋಗಿಗೆ ಏನೂ ಹೇಳಲಾಗದ ಇಕ್ಕಟ್ಟು ತರುತ್ತದೆ. ಮನೋವೈದ್ಯರು ಈ ವಿಷಯದಲ್ಲಿ ಉಳಿದವರಿಗಿಂತ ಕಟ್ಟುನಿಟ್ಟು. ಅವರ ಚಿಕಿತ್ಸೆಯಲ್ಲಿ ಮಾತೇ ಉಪಕರಣ. 2017ರ ಮಾನಸಿಕ ಆರೋಗ್ಯ ಕಾಯ್ದೆ ರೋಗಿಯ ಗೋಪ್ಯತೆಯನ್ನು ಹಕ್ಕು ಎಂದೇ ಬರೆದಿದೆ. ಒಂದೇ ಸೂರಿನಡಿ ಬಾಳುವವರ ನಡುವೆ ಆ ಹಕ್ಕು ಉಳಿಯುವುದಾದರೂ ಹೇಗೆ?

ಈ ಅರಿವು ಹೊಸದಲ್ಲ. ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ 1847ರಲ್ಲಿ ಹುಟ್ಟಿದ ವರ್ಷವೇ ರಚಿಸಿದ ನೀತಿಸಂಹಿತೆಯಲ್ಲಿ, ಹೆಂಡತಿ ಮಕ್ಕಳು ಕಾಯಿಲೆ ಬಿದ್ದಾಗ ವೈದ್ಯನ ವಿವೇಕ ಮಸುಕಾಗುತ್ತದೆ, ಕೈ ಅಂಜುತ್ತದೆ ಎಂಬ ಎಚ್ಚರಿಕೆಯಿತ್ತು. ಅರಿವಳಿಕೆ ಆಗಷ್ಟೇ ಬಂದಿತ್ತು, ರೋಗಾಣುಗಳ ಸಿದ್ಧಾಂತ ಇನ್ನೂ ನೆಲೆಯೂರಿರಲಿಲ್ಲ. ಮನುಷ್ಯನ ಮನಸ್ಸಿನ ಈ ದೌರ್ಬಲ್ಯ ಮಾತ್ರ ಆಗಲೇ ಗೊತ್ತಿತ್ತು. ಆ ಸಂಘದ ಇಂದಿನ ನಿಲುವೂ ಅದೇ: ತುರ್ತು ಇದ್ದಾಗ, ಬೇರೆ ವೈದ್ಯರು ಸಿಗದ ಕಡೆ, ಚಿಕ್ಕಪುಟ್ಟ ತೊಂದರೆಗೆ ಅಲ್ಪಕಾಲ ನೋಡಬಹುದು. ಅದರಾಚೆ ತಮ್ಮ ಚಿಕಿತ್ಸೆ ತಾವೇ ಮಾಡಿಕೊಳ್ಳಬಾರದು, ಮನೆಯವರದ್ದೂ ಮಾಡಬಾರದು. ಬ್ರಿಟನ್ನಿನ ಜನರಲ್ ಮೆಡಿಕಲ್ ಕೌನ್ಸಿಲ್ ಕೂಡ ಆತ್ಮೀಯರಿಗೆ ಔಷಧ ಬರೆಯುವುದನ್ನು ಸಾಧ್ಯವಾದಷ್ಟೂ ತಪ್ಪಿಸಿ ಎನ್ನುತ್ತದೆ.

ನಮ್ಮಲ್ಲಿ ಜಾರಿಯಲ್ಲಿರುವುದು ಭಾರತೀಯ ವೈದ್ಯಕೀಯ ಮಂಡಳಿಯ 2002ರ ನಡತೆ ನಿಯಮಗಳು. ರಾಷ್ಟ್ರೀಯ ವೈದ್ಯಕೀಯ ಆಯೋಗ 2023ರ ಆಗಸ್ಟ್‌ನಲ್ಲಿ ಹೊಸ ನಿಯಮ ಹೊರಡಿಸಿ, ಅದೇ ತಿಂಗಳು ತಡೆಹಿಡಿಯಿತು. 2002ರ ನಿಯಮಗಳಲ್ಲಿ ಸಹವೈದ್ಯರಿಗೂ ಅವರ ಅವಲಂಬಿತರಿಗೂ ಶುಲ್ಕವಿಲ್ಲದೆ ಸೇವೆ ಮಾಡುವುದನ್ನು ಸಂತೋಷವೆಂದು, ಗೌರವವೆಂದು ಭಾವಿಸಬೇಕು ಎಂಬ ಮಾತಿದೆ. ಅದು ಒಳ್ಳೆಯ ಪರಂಪರೆ. ವೈದ್ಯನ ಮನೆಯವರು ಇನ್ನೊಬ್ಬ ವೈದ್ಯನ ಬಳಿ ಹೋಗುತ್ತಾರೆ ಎಂಬ ಊಹೆ ಅದರೊಳಗೇ ಇದೆ.

ಶುಲ್ಕವಿಲ್ಲದ ಚಿಕಿತ್ಸೆಯ ಇನ್ನೊಂದು ಮುಖವನ್ನೂ ಹೇಳಬೇಕು. ‘ನಿಮ್ಮ ಹತ್ತಿರ ದುಡ್ಡು ತಗೊಳ್ಳೋದಾ?’ ಎಂದು ವೈದ್ಯರು ಕೈ ಜೋಡಿಸುತ್ತಾರೆ. ರೋಗಿಗೆ ಅಲ್ಲಿಂದ ಋಣದ ಭಾರ ಶುರು. ಮಾತ್ರೆಯಿಂದ ಮೈಯೆಲ್ಲ ತುರಿಕೆಯಾದರೂ ಮತ್ತೆ ಹೋಗಲು ಮುಜುಗರ. ಮತ್ತೊಬ್ಬರ ಅಭಿಪ್ರಾಯ ಕೇಳಿದರೆ ಅವರಿಗೆ ಬೇಜಾರಾದೀತೆಂಬ ಅಳುಕು. ಚಿಕಿತ್ಸೆ ಸರಿಹೋಗದಿದ್ದರೆ ಜಗಳವಾಡುವ ಹಾಗೂ ಇಲ್ಲ, ಸಂಬಂಧ ಕೆಡುತ್ತದೆ. ಕೌಂಟರಿನಲ್ಲಿ ದುಡ್ಡು ಕಟ್ಟಿ ಚೀಟಿ ಮಾಡಿಸಿದವನಿಗೆ ಇರುವ ಸ್ವಾತಂತ್ರ್ಯ ಅವನಿಗಿಲ್ಲ.

ಪರಿಚಯದವರಿಗೆ ಚಿಕಿತ್ಸೆ ಕಡಿಮೆಯಾಗುವುದಷ್ಟೇ ಅಲ್ಲ, ಕೆಲವೊಮ್ಮೆ ಅತಿಯೂ ಆಗುತ್ತದೆ. ಅಮೆರಿಕದ ಮನೋವೈದ್ಯ ವಾಲ್ಟರ್ ವೈನ್‌ಟ್ರಾಬ್ 1964ರಲ್ಲಿ ಇದನ್ನು ‘ವಿಐಪಿ ಸಿಂಡ್ರೋಮ್’ ಎಂದು ಕರೆದರು. ಗಣ್ಯರು ಆಸ್ಪತ್ರೆಗೆ ಸೇರಿದಾಗ ಸಿಬ್ಬಂದಿ ರೂಢಿಯ ಕ್ರಮ ಬಿಟ್ಟು ವಿಶೇಷ ಉಪಚಾರಕ್ಕೆ ಇಳಿಯುತ್ತಾರೆ, ಆ ವಿಶೇಷದಿಂದಲೇ ಫಲಿತಾಂಶ ಕೆಡುತ್ತದೆ. ನಮ್ಮಲ್ಲಿ ವಿಐಪಿ ಎಂದರೆ ಮಂತ್ರಿಯೇ ಆಗಬೇಕಿಲ್ಲ, ಹಿರಿಯ ವೈದ್ಯರ ಅತ್ತೆಯಾದರೂ ಸಾಕು. ನೋವಾಗಬಾರದೆಂದು ಒಂದು ಮುಖ್ಯ ಪರೀಕ್ಷೆ ಬಿಡುತ್ತಾರೆ, ಏನೂ ತಪ್ಪಿಹೋಗಬಾರದೆಂದು ಮೂರು ಅನಗತ್ಯ ಸ್ಕ್ಯಾನ್ ಮಾಡಿಸುತ್ತಾರೆ. ಜನರಲ್ ವಾರ್ಡಿನ ರೋಗಿಗೆ ಸಿಗುವ ಸಾಧಾರಣ, ಕ್ರಮಬದ್ಧ ಚಿಕಿತ್ಸೆ ಆಕೆಗೆ ಸಿಗುವುದಿಲ್ಲ.

ಇಷ್ಟೆಲ್ಲ ಒಳ್ಳೆಯ ಮನಸ್ಸಿನಿಂದ ಆಗುವ ತೊಂದರೆ. ನೇರವಾಗಿ ತಪ್ಪಿಗೇ ಎಳೆಯುವ ಕೋರಿಕೆಗಳೂ ಇವೆ. ‘ಎರಡು ದಿನ ಜ್ವರ ಅಂತ ಒಂದು ಸರ್ಟಿಫಿಕೇಟ್ ಕೊಟ್ಬಿಡು’ ಅನ್ನುವುದು ಎಲ್ಲಕ್ಕಿಂತ ಸಾಮಾನ್ಯ. ಸುಳ್ಳು ಪ್ರಮಾಣಪತ್ರಕ್ಕೆ ಸಹಿ ಹಾಕುವುದು 2002ರ ನಿಯಮಗಳ ಪ್ರಕಾರ ದುರ್ನಡತೆ, ವೈದ್ಯ ಮಂಡಳಿಯ ಶಿಸ್ತುಕ್ರಮಕ್ಕೆ ಕಾರಣ. ನಿದ್ದೆ ಮಾತ್ರೆಯ ಕೋರಿಕೆ ಇನ್ನೊಂದು. ಆಲ್‌ಪ್ರಜೋಲಾಮ್‌ನಂಥ ಮಾತ್ರೆ, ಕೆಲವು ಪ್ರಬಲ ಆಂಟಿಬಯೋಟಿಕ್‌ಗಳು 2014ರಿಂದ ಎಚ್1 ಅನುಸೂಚಿಯಲ್ಲಿವೆ. ಔಷಧ ಅಂಗಡಿಯವರು ವೈದ್ಯರ ಹೆಸರು, ರೋಗಿಯ ಹೆಸರು ಬರೆದು ಪುಸ್ತಕವನ್ನು ಮೂರು ವರ್ಷ ಇಟ್ಟುಕೊಳ್ಳಬೇಕು. ಅತ್ತೆಗೆ ಒಂದು ಪಟ್ಟಿ, ಅತ್ತೆಯ ಗೆಳತಿಗೆ ಇನ್ನೊಂದು ಪಟ್ಟಿ ಎಂದು ಬರೆಯುತ್ತ ಹೋದರೆ ಚಟ ಹಿಡಿಸಿದವರು ಯಾರು ಎಂಬುದಕ್ಕೆ ಆ ಪುಸ್ತಕವೇ ಸಾಕ್ಷಿ.

ಎಲ್ಲಕ್ಕಿಂತ ಕೆಟ್ಟದ್ದು ಸ್ಕ್ಯಾನಿಂಗ್ ಕೋಣೆಯಲ್ಲಿ ಬರುವ ಪಿಸುಮಾತು. ‘ನೀನು ಹೇಳಬೇಡ, ಸುಮ್ನೆ ಒಂದು ಸನ್ನೆ ಮಾಡು, ಪೇಡಾ ತರಲೋ ಜಿಲೇಬಿ ತರಲೋ?’ 1994ರ ಪ್ರಸವಪೂರ್ವ ಲಿಂಗಪತ್ತೆ ನಿಷೇಧ ಕಾಯ್ದೆ ಮಾತಿನಲ್ಲಿ ಮಾತ್ರವಲ್ಲ, ಸನ್ನೆಯಲ್ಲಿ ತಿಳಿಸುವುದನ್ನೂ ನಿಷೇಧಿಸಿದೆ. ಮೊದಲ ಸಲದ ಅಪರಾಧಕ್ಕೇ ಮೂರು ವರ್ಷದವರೆಗೆ ಜೈಲು. ಮಂಡ್ಯದ ಆಲೆಮನೆಯೊಂದರಲ್ಲಿ ಸ್ಕ್ಯಾನ್ ಮಾಡಿ ಹೆಣ್ಣುಭ್ರೂಣ ತೆಗೆಸುತ್ತಿದ್ದ ಜಾಲ 2023ರಲ್ಲಿ ಬಯಲಾದಾಗ ನಾಡು ಬೆಚ್ಚಿತು. ಅಲ್ಲಿ ನಡೆದದ್ದು ದುಡ್ಡಿನ ದಂಧೆ. ತಂಗಿಯ ನಾದಿನಿಗಾಗಿ ದಾಕ್ಷಿಣ್ಯಕ್ಕೆ ಮಾಡಿದ ಸನ್ನೆ ಅದಕ್ಕಿಂತ ಹಗುರವಾದದ್ದು ಎಂದು ನಾನು ಒಪ್ಪುವುದಿಲ್ಲ. ಹುಟ್ಟಬೇಕಿದ್ದ ಮಗುವಿನ ಪಾಲಿಗೆ ಎರಡೂ ಒಂದೇ.

ಈಗ ಜಗಲಿಯ ಜಾಗವನ್ನು ವಾಟ್ಸ್‌ಆ್ಯಪ್ ಹಿಡಿದಿದೆ. ಮಗುವಿನ ಮೈಮೇಲಿನ ಗುಳ್ಳೆಯ ಮಸುಕು ಫೋಟೊ, ಇಸಿಜಿಯ ಅರ್ಧ ಕಂಡ ಹಾಳೆ, ರಾತ್ರಿ ಹನ್ನೊಂದೂವರೆಗೆ ‘ಎದ್ದಿದೀರಾ?’ ಎಂಬ ಸಂದೇಶ. 2020ರ ಮಾರ್ಚ್‌ನ ಟೆಲಿಮೆಡಿಸಿನ್ ಮಾರ್ಗಸೂಚಿಯ ಪ್ರಕಾರ ಇಂಥ ಸಂದೇಶಕ್ಕೆ ಉತ್ತರವಾಗಿ ಔಷಧ ಬರೆದರೆ ಅದೂ ಪೂರ್ಣಪ್ರಮಾಣದ ವೈದ್ಯಕೀಯ ಸಮಾಲೋಚನೆಯೇ. ದಾಖಲೆ ಇಡಬೇಕು, ನೋಂದಣಿ ಸಂಖ್ಯೆಯಿರುವ ಚೀಟಿ ಕೊಡಬೇಕು, ಮಾದಕ ಗುಣದ ಔಷಧಗಳನ್ನು ಬರೆಯುವಂತಿಲ್ಲ. ‘ಕುಟುಂಬದ ಗ್ರೂಪ್’ ಎಂಬುದಕ್ಕೆ ಅಲ್ಲಿ ರಿಯಾಯಿತಿ ಇಲ್ಲ. ಆ ಗ್ರೂಪಿನಲ್ಲಿ ಒಬ್ಬರ ಗರ್ಭಕೋಶದ ಸ್ಕ್ಯಾನ್ ವರದಿಯನ್ನು ನಲವತ್ತು ಜನ ನೋಡುತ್ತಿರುತ್ತಾರೆ ಎಂಬುದು ಕಳಿಸಿದವರಿಗೆ ಹೊಳೆದಿರುವುದೇ ಇಲ್ಲ. ಉತ್ತರ ಕೊಡುವ ಮೊದಲು ಅದನ್ನು ಅಲ್ಲಿಂದ ಅಳಿಸಿ ಎಂದು ಹೇಳುವ ವೈದ್ಯರು ನನ್ನ ಮೆಚ್ಚುಗೆಗೆ ಪಾತ್ರರು.

ಇಷ್ಟಾಗಿ, ಪರದೇಶದ ನಿಯಮವನ್ನು ಹಾಗೇ ತಂದು ನಮ್ಮ ಹಳ್ಳಿಗೆ ಹಚ್ಚಿದರೆ ಅದು ನಿಲ್ಲುವುದಿಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರವೆಂದರೆ ಬಯಲು ಪ್ರದೇಶದಲ್ಲಿ 30 ಸಾವಿರ, ಗುಡ್ಡಗಾಡಿನಲ್ಲಿ 20 ಸಾವಿರ ಜನರಿಗೆ ಒಂದು ಎಂಬುದು ಸರ್ಕಾರಿ ಮಾನದಂಡ. ಮಲೆನಾಡಿನ ಅಂಥ ಒಂದು ಕೇಂದ್ರದಲ್ಲಿ ಹತ್ತು ವರ್ಷ ಇದ್ದ ವೈದ್ಯರಿಗೆ ಅಪರಿಚಿತ ರೋಗಿ ಎಲ್ಲಿಂದ ಬರಬೇಕು? ಹಾಲು ಹಾಕುವವರು, ಮಕ್ಕಳ ಮೇಷ್ಟ್ರು, ಜೊತೆಗೆ ಯಕ್ಷಗಾನ ನೋಡುವವರು ಎಲ್ಲರೂ ರೋಗಿಗಳೇ. ತೋಟದಲ್ಲಿ ಕನ್ನಡಿಹಾವು ಕಚ್ಚಿಸಿಕೊಂಡು ಬಂದವನು ಸ್ವಂತ ತಮ್ಮನಾದರೂ ಪ್ರತಿವಿಷ ಏರಿಸಲೇಬೇಕು, ಅಲ್ಲಿ ಯಾವ ಸಂಹಿತೆಯೂ ಅಡ್ಡ ಬರುವುದಿಲ್ಲ. ಹಾಗಾಗಿ ಇಲ್ಲಿ ಕೆಲಸಕ್ಕೆ ಬರುವ ಗೆರೆ ಪರಿಚಿತರು, ಅಪರಿಚಿತರು ಎಂಬ ಗೆರೆಯಲ್ಲ. ಪೂರ್ತಿ ನೋಡುವುದು, ಇಲ್ಲವೇ ನೋಡದೆ ಕಳಿಸುವುದು. ನಡುವಿನ ಅರೆಬರೆಯನ್ನು ಬಿಡುವುದು.

ಅನುಭವಿ ಹಳ್ಳಿ ವೈದ್ಯರು ಇದನ್ನು ಯಾವ ಪುಸ್ತಕ ಓದದೆಯೂ ರೂಢಿಸಿಕೊಂಡಿದ್ದಾರೆ. ಸಂತೆಯಲ್ಲಿ ತಡೆದು ಕೇಳಿದವರಿಗೆ ‘ಇಲ್ಲಿ ಬೇಡ, ನಾಳೆ ಹತ್ತಕ್ಕೆ ಚೀಟಿ ಮಾಡಿಸ್ಕೊಂಡು ಬನ್ನಿ, ಸರಿಯಾಗಿ ನೋಡೋಣ’ ಅನ್ನುತ್ತಾರೆ. ಅದು ನಿರಾಕರಣೆಯಲ್ಲ, ಮರ್ಯಾದೆ. ಬಂದಾಗ ಗೆಳೆಯನೇ ಆಗಿರಲಿ, ಮೇಜಿನ ಆಚೆ ಕುರ್ಚಿಯಲ್ಲೇ ಕೂರಿಸುತ್ತಾರೆ, ಹೆಸರು, ವಯಸ್ಸು, ಅಲರ್ಜಿ, ನಡೆಯುತ್ತಿರುವ ಔಷಧ ಎಲ್ಲ ಬರೆದುಕೊಳ್ಳುತ್ತಾರೆ. ‘ಈಗ ಕೆಲವು ಪ್ರಶ್ನೆ ಕೇಳ್ತೀನಿ, ಎಲ್ಲರಿಗೂ ಕೇಳೋದೇ, ಬೇಜಾರು ಮಾಡ್ಕೋಬೇಡ’ ಎಂದು ಮೊದಲೇ ಹೇಳುತ್ತಾರೆ. ಹೆಂಗಸರ ತಪಾಸಣೆಗೆ ನರ್ಸ್ ಜೊತೆಗಿರುತ್ತಾರೆ, ಅತ್ತಿಗೆಯೆಂದು ಆ ಕ್ರಮ ಸಡಿಲವಾಗುವುದಿಲ್ಲ. ತಮ್ಮಿಂದಾಗದ್ದನ್ನು ಪತ್ರ ಬರೆದು ಪಕ್ಕದ ತಾಲೂಕಿನ ವೈದ್ಯರಿಗೆ ಕಳಿಸುತ್ತಾರೆ. ಸಂಜೆ ಅಂಗಡಿ ಕಟ್ಟೆಯಲ್ಲಿ ಅದೇ ಗೆಳೆಯ ಸಿಕ್ಕಾಗ ರೋಗದ ಮಾತೆತ್ತುವುದಿಲ್ಲ. ವೃತ್ತಿಯಿಂದ ತಿಳಿದ ಗುಟ್ಟನ್ನು ಹೊರಗೆಡಹುವಂತಿಲ್ಲ ಎಂಬ ನಿಯಮ ಹೆಂಡತಿಯ ಜೊತೆಗಿನ ಮಾತಿಗೂ ಅನ್ವಯಿಸುತ್ತದೆ. ಪಾಲಿಸಲು ತೀರ ಕಷ್ಟವಾದದ್ದೂ ಅದೇ.

ಎಲ್ಲಕ್ಕಿಂತ ನೋವಿನ ಸನ್ನಿವೇಶ ಹೆತ್ತವರದ್ದು. ಅಪ್ಪ ಐಸಿಯುನಲ್ಲಿದ್ದಾರೆ, ಮಗಳು ವೈದ್ಯೆ. ಮಗಳು ಹೇಳಿದಾಗಲೆಲ್ಲ ಬೀಡಿ ಬಿಡದವರು ಅವರು, ಹಿತ್ತಲ ಗಿಡ ಮದ್ದಲ್ಲ. ಈಗ ಚಿಕಿತ್ಸೆ ಕೊಡುತ್ತಿರುವ ವೈದ್ಯರು ಪ್ರತಿ ಹೆಜ್ಜೆಗೂ ‘ನೀವೇ ಹೇಳಿ ಮೇಡಂ, ಟ್ಯೂಬ್ ಹಾಕೋಣವೇ?’ ಎಂದು ಅವಳನ್ನೇ ಕೇಳುತ್ತಾರೆ. ಅದು ಗೌರವದಿಂದ ಕೇಳಿದ ಮಾತು. ಅವಳ ಪಾಲಿಗೆ ಅದು ಕ್ರೌರ್ಯವಾಗುತ್ತದೆ. ಮಾನಿಟರಿನ ಅಂಕಿ ಅರ್ಥವಾಗುವ ಕಣ್ಣಿಗೆ ಅಪ್ಪನ ಮುಖ ಕಾಣುವುದಿಲ್ಲ. ವೆಂಟಿಲೇಟರ್ ಬೇಡವೆಂದರೆ ತಾನೇ ಕೊಂದೆನೆಂಬ ಕೊರಗು, ಬೇಕೆಂದರೆ ನರಳಿಸಿದೆನೆಂಬ ಕೊರಗು ಜೀವಮಾನವಿಡೀ ಉಳಿಯುತ್ತದೆ. ಅಣ್ಣತಮ್ಮಂದಿರು ‘ನಿನಗೇ ಗೊತ್ತಲ್ಲ’ ಎಂದು ದೂರ ನಿಲ್ಲುತ್ತಾರೆ. ಅಂಥ ಹೊತ್ತಿನಲ್ಲಿ ಚಿಕಿತ್ಸೆ ಕೊಡುತ್ತಿರುವ ವೈದ್ಯರು ‘ಇದು ನನ್ನ ಸಲಹೆ, ನಿರ್ಧಾರದ ಭಾರ ನಾನು ಹೊರುತ್ತೇನೆ, ನೀವು ಹೋಗಿ ಅಪ್ಪನ ಕೈ ಹಿಡಿದು ಕೂರಿ’ ಎಂದರೆ ಅದಕ್ಕಿಂತ ದೊಡ್ಡ ಉಪಕಾರ ಇನ್ನೊಂದಿಲ್ಲ. ಅಮೆರಿಕದಲ್ಲೋ ಬ್ರಿಟನ್ನಿನಲ್ಲೋ ಇರುವ ಕನ್ನಡಿಗ ವೈದ್ಯರಿಗೆ ಈ ಸಂಕಟ ಫೋನಿನಲ್ಲಿ ಬರುತ್ತದೆ. ಅಲ್ಲಿ ಮನೆಯವರಿಗೆ ಔಷಧ ಬರೆಯದ ಶಿಸ್ತು ಪಾಲಿಸುವವರೂ ನಡುರಾತ್ರಿ ಎದ್ದು ಮೈಸೂರಿನಲ್ಲಿರುವ ಅಮ್ಮನ ಬಿಪಿ ಮಾತ್ರೆಯ ಪ್ರಮಾಣ ಬದಲಿಸುತ್ತಾರೆ. ಮೈಸೂರಿನ ವೈದ್ಯರಿಗೆ ಅದು ಗೊತ್ತಿರುವುದಿಲ್ಲ, ಅವರು ಇನ್ನೊಂದು ಮಾತ್ರೆ ಸೇರಿಸುತ್ತಾರೆ, ಅಮ್ಮ ಬಚ್ಚಲಿನಲ್ಲಿ ತಲೆಸುತ್ತಿ ಬೀಳುತ್ತಾರೆ. ದೂರದ ಮಗ ಔಷಧ ಬದಲಿಸುವ ಬದಲು ಅಮ್ಮನ ವೈದ್ಯರ ಜೊತೆ ಮಾತಾಡಿದ್ದರೆ ಸಾಕಿತ್ತು.

ರೋಗಿಗಳಾಗಿ ನಾವೆಲ್ಲ ಮಾಡಬಹುದಾದದ್ದೂ ಇದೇ ಜಾಡಿನಲ್ಲಿದೆ. ಬಳಗದಲ್ಲಿ ವೈದ್ಯರಿರುವುದು ಭಾಗ್ಯವೇ. ‘ಏನು ಮಾತ್ರೆ ತಗೊಳ್ಳಲಿ?’ ಎಂದು ಕೇಳುವ ಬದಲು ‘ಯಾರಿಗೆ ತೋರಿಸಲಿ, ಎಷ್ಟು ಬೇಗ ಹೋಗಬೇಕು, ಅಲ್ಲಿ ಏನು ಕೇಳಲಿ?’ ಎಂದು ಕೇಳಿದರೆ ಆ ಭಾಗ್ಯದ ಪೂರ್ತಿ ಫಲ ಸಿಗುತ್ತದೆ. ವರದಿಯಲ್ಲಿರುವುದನ್ನು ನಮ್ಮ ಭಾಷೆಯಲ್ಲಿ ಬಿಡಿಸಿ ಹೇಳುವುದು, ಶಸ್ತ್ರಚಿಕಿತ್ಸೆಗೆ ಮುನ್ನ ಧೈರ್ಯ ತುಂಬುವುದು, ಆಸ್ಪತ್ರೆಯ ಬಿಲ್ಲಿನಲ್ಲಿ ಅರ್ಥವಾಗದ್ದನ್ನು ಅರ್ಥ ಮಾಡಿಸುವುದು ಬೇರೆಯವರಿಗಿಂತ ಚೆನ್ನಾಗಿ ಅವರಿಂದಲೇ ಆಗುತ್ತದೆ. ಅವರು ‘ನಾನು ನೋಡಲ್ಲ, ಇಂಥವರ ಹತ್ತಿರ ಹೋಗಿ’ ಎಂದಾಗ ಮುಖ ಸಣ್ಣದು ಮಾಡಿಕೊಳ್ಳದಿದ್ದರೆ ಅರ್ಧ ಸಮಸ್ಯೆ ಕಳೆಯಿತು.

ಉಳಿದ ಅರ್ಧ ನಮ್ಮ ವೃತ್ತಿಯವರದ್ದು. ಊರಿಗೆಲ್ಲ ವೈದ್ಯರಾದವರಿಗೆ ತಮ್ಮದೇ ಒಬ್ಬ ವೈದ್ಯರಿರುವುದಿಲ್ಲ. ತಮ್ಮ ಶುಗರ್ ತಾವೇ ನೋಡಿಕೊಳ್ಳುತ್ತಾರೆ, ಹೆಂಡತಿಯ ಥೈರಾಯ್ಡ್ ಮಾತ್ರೆ ತಾವೇ ಏರಿಸಿ ಇಳಿಸುತ್ತಾರೆ, ಕಂಪನಿಯವರು ತಂದುಕೊಟ್ಟ ಸ್ಯಾಂಪಲ್ ಮನೆಯ ಡ್ರಾಯರಿನಲ್ಲಿರುತ್ತದೆ. ಬ್ರಿಟನ್ನಿನ ಮಂಡಳಿ ಪ್ರತಿ ವೈದ್ಯರೂ ಕುಟುಂಬದ ಹೊರಗಿನ ಒಬ್ಬ ವೈದ್ಯರಲ್ಲಿ ಹೆಸರು ನೋಂದಾಯಿಸಿಕೊಂಡಿರಬೇಕು ಎನ್ನುತ್ತದೆ. ನಮ್ಮಲ್ಲಿ ಇದನ್ನು ಭಾರತೀಯ ವೈದ್ಯಕೀಯ ಸಂಘದ ತಾಲೂಕು ಶಾಖೆಗಳೇ ಆರಂಭಿಸಬಹುದು. ಸಾಗರದ ವೈದ್ಯರ ಮನೆಯವರಿಗೆ ಸೊರಬದಲ್ಲೊಬ್ಬರು, ಸೊರಬದವರಿಗೆ ಶಿಕಾರಿಪುರದಲ್ಲೊಬ್ಬರು ಎಂದು ಗೊತ್ತುಮಾಡಿ, ಅಲ್ಲಿ ಅವರ ಹೆಸರಿನಲ್ಲೂ ಎಲ್ಲರಂತೆ ಒಂದು ಕೇಸ್‌ಶೀಟ್ ತೆರೆಯಲಿ. ಅದಕ್ಕೆ ಹೊಸ ಕಾನೂನು ಬೇಕಿಲ್ಲ, ಶಾಖೆಯ ಒಂದು ಸಭೆ ಸಾಕು.